ಒಂದು ಸಲಕ್ಕೆ ಒಂದೇ ಅಕ್ಷರ

ಕಳೆದ ಸೆಮ್‌ನಲ್ಲಿ ಒಂದು ಕಂಪನಿ ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಲು ನಮ್ಮ ಕಾಲೇಜಿಗೆ ಬಂದಿತ್ತು. ಮೊದಲು ಕೋಡಿಂಗ್ ರೌಂಡ್. ಮೂರು ಪ್ರಶ್ನೆಗಳಲ್ಲಿ ಎರಡನ್ನು ಹೇಗೋ ಮುಗಿಸಿದೆ. ಮೂರನೆಯದನ್ನು ಓದಿದಾಗ ನಗು ಬಂತು, ಅಷ್ಟು ಸುಲಭ ಅನ್ನಿಸಿತು. ಒಂದೇ ಉದ್ದದ ಎರಡು ಇಂಗ್ಲಿಷ್ ಪದ, ಜೊತೆಗೆ ಪದಗಳ ಒಂದು ದೊಡ್ಡ ಪಟ್ಟಿ. ಮೊದಲ ಪದದಲ್ಲಿ ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತಾ ಎರಡನೆಯ ಪದವನ್ನು ಮುಟ್ಟಬೇಕು. ನಡುವೆ ಬರುವ ಪ್ರತಿ ಪದವೂ ಪಟ್ಟಿಯಲ್ಲಿ ಇರಲೇಬೇಕು. ಅತಿ ಕಡಿಮೆ ಎಷ್ಟು ಹೆಜ್ಜೆಯಲ್ಲಿ ಮುಟ್ಟಬಹುದು?

ನಾನು ಬರೆದ ಪ್ರೋಗ್ರಾಂ ಸಣ್ಣ ಪಟ್ಟಿಗೆ ಸರಿ ಉತ್ತರ ಕೊಟ್ಟಿತು. ದೊಡ್ಡ ಪಟ್ಟಿ ಕೊಟ್ಟ ತಕ್ಷಣ ನಿಂತುಬಿಟ್ಟಿತು. ಸ್ಕ್ರೀನ್ ಮೇಲೆ ಕೆಂಪು ಬಣ್ಣದಲ್ಲಿ ಟೈಮ್ ಲಿಮಿಟ್ ಎಕ್ಸೀಡೆಡ್. ಏನೇನೋ ತಿದ್ದಿದೆ, ಸಮಯ ಮುಗಿಯಿತು. ಸಂಜೆ ಬಂದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ರೂಂಮೇಟ್ ತಟ್ಟೆಯ ಅನ್ನದ ಅಗುಳುಗಳನ್ನೇ ಚುಕ್ಕೆಗಳಂತೆ ಇಟ್ಟು ಉತ್ತರ ವಿವರಿಸಿದ. ವರ್ಡ್ ಲ್ಯಾಡರ್ ಅಂದರೆ ಎಲ್ಲರೂ ಓದಿಕೊಂಡು ಹೋಗುವ ಪ್ರಶ್ನೆಯಂತೆ, ನನಗೊಬ್ಬನಿಗೇ ಗೊತ್ತಿರಲಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಕಂಡುಹಿಡಿದವರು ಯಾರು ಎಂದು ಹುಡುಕಿದೆ. ಯಾವುದೋ ಸಾಫ್ಟ್‌ವೇರ್ ಕಂಪನಿಯವರು ಇರಬೇಕು ಅಂದುಕೊಂಡಿದ್ದೆ. ಸಿಕ್ಕವರು ಆಕ್ಸ್‌ಫರ್ಡ್‌ನ ಒಬ್ಬ ಗಣಿತದ ಮೇಷ್ಟ್ರು. ಅವರು ಈ ಆಟ ಮಾಡಿದ್ದು 1877ರ ಕ್ರಿಸ್ಮಸ್ ದಿನ, ಹೊತ್ತು ಹೋಗದೆ ಕೂತಿದ್ದ ಇಬ್ಬರು ಹುಡುಗಿಯರಿಗಾಗಿ. ಆ ಮೇಷ್ಟ್ರನ್ನು ಜಗತ್ತು ಲೂಯಿಸ್ ಕ್ಯಾರಲ್ ಎಂದು ಕರೆಯುತ್ತದೆ. ಆಲಿಸ್ ಇನ್ ವಂಡರ್‌ಲ್ಯಾಂಡ್ ಬರೆದವರು.

ಅಲ್ಲಿಂದ ಅವರ ಜೀವನವನ್ನು ಓದುತ್ತಾ ಹೋದೆ. ಗೆಳೆಯರೇ, ನಮ್ಮಂತೆ ಕೆಲಸ ಹುಡುಕುತ್ತಿರುವವರಿಗೆ ಅದನ್ನು ಹೇಳಬೇಕು ಅನ್ನಿಸಿತು.

ಅವರ ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. 1832ರ ಜನವರಿ 27ರಂದು ಇಂಗ್ಲೆಂಡಿನ ಚೆಶೈರ್ ಸೀಮೆಯ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಮನೆಯಲ್ಲಿ ಹನ್ನೊಂದು ಮಕ್ಕಳು, ಏಳು ಹೆಣ್ಣು, ನಾಲ್ಕು ಗಂಡು. ಗಂಡುಮಕ್ಕಳಲ್ಲಿ ಇವರೇ ದೊಡ್ಡವರು. 1843ರಲ್ಲಿ ತಂದೆಗೆ ಯಾರ್ಕ್‌ಷೈರ್‌ನ ಕ್ರಾಫ್ಟ್ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ತಮ್ಮ ತಂಗಿಯರನ್ನು ಆಡಿಸುವ ಕೆಲಸ ಈ ಅಣ್ಣನದು. ಅವರಿಗೆಂದು ಕೈಬರಹದಲ್ಲೇ ಪತ್ರಿಕೆ ಮಾಡುತ್ತಿದ್ದರು. ಪದ್ಯ, ಕಥೆ, ಚಿತ್ರ, ಒಗಟು ಎಲ್ಲವೂ ಅದರಲ್ಲಿ ಇರುತ್ತಿದ್ದವು. ಯಾವ ಬಹುಮಾನಕ್ಕೂ ಅಲ್ಲ, ಸುಮ್ಮನೆ ಮನೆಯ ಮಕ್ಕಳು ನಗಲಿ ಎಂದು.

ಚಿಕ್ಕಂದಿನಲ್ಲೇ ಬಂದ ಕಾಯಿಲೆಯೊಂದರಿಂದ ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಜೊತೆಗೆ ಮಾತಿನಲ್ಲಿ ಉಗ್ಗು. ಅವರ ಒಡಹುಟ್ಟಿದವರಲ್ಲೂ ಹಲವರಿಗೆ ಅದೇ ತೊಂದರೆ ಇತ್ತು. ರಗ್ಬಿ ಎಂಬ ದೊಡ್ಡ ಬೋರ್ಡಿಂಗ್ ಶಾಲೆಯಲ್ಲಿ ಮೂರು ವರ್ಷ ಓದಿದರು. ಓದಿನಲ್ಲಿ ಮುಂದಿದ್ದರೂ ಆ ವರ್ಷಗಳನ್ನು ಅವರು ಕೊನೆಯವರೆಗೂ ಸಂತೋಷದಿಂದ ನೆನೆಯಲಿಲ್ಲ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ನನಗೂ ಉಗ್ಗು ಇದೆ. ಬೇರೆ ಪದಗಳಾದರೆ ಸಿಕ್ಕಿಕೊಂಡಾಗ ಅದೇ ಅರ್ಥದ ಇನ್ನೊಂದು ಪದ ಹಾಕಿ ಜಾರಿಕೊಳ್ಳಬಹುದು. ನನ್ನ ಹೆಸರಿಗೆ ಮಾತ್ರ ಇನ್ನೊಂದು ಪದ ಇಲ್ಲ, ಅದರ ಮೊದಲ ಅಕ್ಷರದಲ್ಲೇ ನಿಲ್ಲುತ್ತೇನೆ. ಅಟೆಂಡೆನ್ಸ್ ಹೊತ್ತಿಗೆ ರೋಲ್ ನಂಬರ್ ಕೂಗಿದರೆ ಬದುಕಿದೆ ಅನ್ನಿಸುತ್ತದೆ. ಕಾಲೇಜಿನಲ್ಲಿ ನಡೆದ ಮಾಕ್ ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದಾಗ ಹೆಸರು ಹೊರಬರುವ ಹೊತ್ತಿಗೆ ಎದುರಿಗಿದ್ದವರು ಫೋನ್ ನೋಡಿಕೊಳ್ಳುತ್ತಿದ್ದರು. ಆದ್ದರಿಂದ ಡಾಡ್ಜ್‌ಸನ್ ಕಥೆಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆಲಿಸ್ ಮೇಲಲ್ಲ, ಈ ಉಗ್ಗಿನ ಮೇಲೆ.

1851ರ ಜನವರಿಯಲ್ಲಿ ಅವರು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಸೇರಿದರು. ಹೋದ ಎರಡೇ ದಿನಕ್ಕೆ ತಾಯಿ ತೀರಿಕೊಂಡ ಸುದ್ದಿ ಬಂತು. ಹತ್ತೊಂಬತ್ತು ತುಂಬದ ಹುಡುಗ ಮನೆಗೆ ಹೋಗಿ, ತಾಯಿಯನ್ನು ಮಣ್ಣು ಮಾಡಿ, ಮತ್ತೆ ಕಾಲೇಜಿಗೆ ಬಂದ. 1854ರಲ್ಲಿ ಗಣಿತದ ಕೊನೆಯ ಪರೀಕ್ಷೆಯಲ್ಲಿ ಪ್ರಥಮ ದರ್ಜೆ, ಪಟ್ಟಿಯಲ್ಲಿ ಮೊದಲ ಹೆಸರು.

ಇಷ್ಟು ಓದಿದಾಗ ಇವರೂ ಟಾಪರ್ ಕಥೆಯೇ ಅಂದುಕೊಂಡು ಪುಟ ಮುಚ್ಚಬೇಕೆಂದಿದ್ದೆ. ಮುಂದಿನ ವರ್ಷ ನೋಡಿ. 1855ರಲ್ಲಿ ಒಂದು ದೊಡ್ಡ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂತರು, ಫೇಲಾದರು. ಬೇರೆ ಯಾರನ್ನೂ ದೂರಲಿಲ್ಲ, ಮನಸ್ಸಿಟ್ಟು ಓದಲಿಲ್ಲ ಎಂದು ತಾವೇ ಒಪ್ಪಿಕೊಂಡರು. ಅದೇ ವರ್ಷ ಅದೇ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. 1881ರವರೆಗೆ ಅದೇ ಕೆಲಸದಲ್ಲಿದ್ದರು. ಪಾಠ ಬಹಳ ನೀರಸ ಎಂಬ ಮಾತು ಹುಡುಗರಲ್ಲಿ ಇತ್ತಂತೆ. ಮುಂದೆ ಜಗತ್ತಿನ ಮಕ್ಕಳನ್ನೆಲ್ಲ ನಗಿಸಿದವರ ಕ್ಲಾಸಿನಲ್ಲಿ ಹುಡುಗರು ಆಕಳಿಸುತ್ತಿದ್ದರು ಎಂದರೆ ವಿಚಿತ್ರ ಅನ್ನಿಸುತ್ತದೆ.

ಅವರ ಕಾಲೇಜಿನ ಹುದ್ದೆಗೆ ಷರತ್ತುಗಳಿದ್ದವು. ಮದುವೆಯಾಗಬಾರದು, ಚರ್ಚಿನ ದೀಕ್ಷೆ ಪಡೆಯಬೇಕು. 1861ರಲ್ಲಿ ದೀಕ್ಷೆಯ ಮೊದಲ ಮೆಟ್ಟಿಲಾದ ಡೀಕನ್ ಆದರು, ಅದರ ಮುಂದಕ್ಕೆ ಹೋಗಿ ಪೂರ್ಣ ಪಾದ್ರಿಯಾಗಲಿಲ್ಲ. ಜನರೆದುರು ನಿಂತು ಪ್ರಾರ್ಥನೆ ಓದುವಾಗ ಉಗ್ಗಿಬಿಟ್ಟರೆ ಎಂಬ ಅಳುಕೂ ಇದಕ್ಕೆ ಒಂದು ಕಾರಣ ಎನ್ನುತ್ತಾರೆ. ಮಾತು ಸರಿಪಡಿಸುವ ಜೇಮ್ಸ್ ಹಂಟ್ ಎಂಬ ತಜ್ಞರ ಬಳಿಗೂ ಹೋದರು. ಉಗ್ಗು ಪೂರ್ತಿ ಹೋಗಲಿಲ್ಲ.

ಆದರೆ ಕಾಗದದ ಮೇಲೆ ಪದಗಳು ಅವರನ್ನು ಎಂದೂ ತಡೆಯಲಿಲ್ಲ. ಅಲ್ಲಿ ಪದವನ್ನು ಗಡಿಯಾರ ಬಿಚ್ಚಿದಂತೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. 1856ರಲ್ಲಿ ಒಂದು ಪತ್ರಿಕೆಗೆ ಪದ್ಯ ಕಳಿಸುವಾಗ ಅವರಿಗೆ ಗುಪ್ತನಾಮ ಬೇಕಾಯಿತು. ಚಾರ್ಲ್ಸ್ ಲಟ್ವಿಜ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಹದಿನೈದು ಅಕ್ಷರ. ಆ ಹದಿನೈದನ್ನೇ ಹಿಂದೆ ಮುಂದೆ ಮಾಡಿ ಎಡ್ಗರ್ ಕಥ್ವೆಲಿಸ್ ಎಂಬ ಹೊಸ ಹೆಸರು ಮಾಡಿದರು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇನ್ನೊಂದು ದಾರಿಯಲ್ಲಿ, ಎರಡೂ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ, ಅದಲು ಬದಲು ಮಾಡಿ, ಮತ್ತೆ ಇಂಗ್ಲಿಷಿಗೆ ತಂದರು. ಲೂಯಿಸ್ ಕ್ಯಾರಲ್ ಆಯಿತು. ಸಂಪಾದಕ ಎಡ್ಮಂಡ್ ಯೇಟ್ಸ್ ಆರಿಸಿದ್ದು ಇದನ್ನು.

ಆಲಿಸ್ ಕಥೆ ಹುಟ್ಟಿದ್ದು 1862ರ ಜುಲೈ 4ರಂದು. ಕಾಲೇಜಿನ ಮುಖ್ಯಸ್ಥರ ಮೂವರು ಪುಟ್ಟ ಹೆಣ್ಣುಮಕ್ಕಳು ಮತ್ತು ಒಬ್ಬ ಸ್ನೇಹಿತರ ಜೊತೆ ದೋಣಿಯಲ್ಲಿ ಹೋಗುವಾಗ ಬಾಯಿಗೆ ಬಂದಂತೆ ಒಂದು ಕಥೆ ಹೇಳಿದರು. ಹತ್ತು ವರ್ಷದ ಆಲಿಸ್ ಲಿಡೆಲ್ ಅದನ್ನು ಬರೆದುಕೊಡಿ ಎಂದು ಹಟ ಹಿಡಿದಳು. ಅವರು ಬರೆದರು, ತಮ್ಮ ಕೈಯಿಂದಲೇ ಚಿತ್ರ ಬಿಡಿಸಿದರು. ಆ ಕೈಬರಹದ ಪುಸ್ತಕ ಅವಳ ಕೈ ಸೇರಿದ್ದು 1864ರ ನವೆಂಬರ್‌ನಲ್ಲಿ. 1865ರಲ್ಲಿ ಅದು ಅಚ್ಚಾಯಿತು. ಅಚ್ಚಾದ ಮೊದಲ 2000 ಪ್ರತಿಗಳಲ್ಲಿ ಮುದ್ರಣ ಸರಿಯಿಲ್ಲ ಎಂದು ಚಿತ್ರಕಾರ ಜಾನ್ ಟೆನಿಯಲ್ ಆಕ್ಷೇಪಿಸಿದಾಗ ಆ ಮುದ್ರಣವನ್ನೇ ಹಿಂದಕ್ಕೆ ಪಡೆದು ಮತ್ತೆ ಅಚ್ಚು ಹಾಕಿಸಿದರು. ಕನ್ನಡಕ್ಕೆ ಈ ಕಥೆಯನ್ನು ನಾ. ಕಸ್ತೂರಿಯವರು 'ಪಾತಾಳದಲ್ಲಿ ಪಾಪಚ್ಚಿ' ಎಂದು ತಂದರು. 'ಅನರ್ಥಕೋಶ' ಬರೆದು ಕನ್ನಡದ ಪದಗಳನ್ನು ತಲೆಕೆಳಗು ಮಾಡಿದ ಕಸ್ತೂರಿಯವರಿಗೇ ಕ್ಯಾರಲ್ ಸಿಕ್ಕಿದ್ದು ಸರಿಯಾಗಿಯೇ ಇದೆ.

ಇಷ್ಟು ಹೆಸರು ಬಂದ ಮೇಲೂ ಅವರು ಅದೇ ಕಾಲೇಜಿನ ಕೋಣೆಯಲ್ಲಿ ಗಣಿತ ಮಾಡುತ್ತಿದ್ದರು. ಬಿ.ಇ. ಮೊದಲ ವರ್ಷದಲ್ಲಿ ನಾವೆಲ್ಲ ಡಿಟರ್ಮಿನೆಂಟ್ ಬಿಡಿಸಿ ಸುಸ್ತಾದವರೇ. ದೊಡ್ಡ ಡಿಟರ್ಮಿನೆಂಟನ್ನು ಬರೀ ಎರಡಕ್ಕೆ ಎರಡರ ಸಣ್ಣ ಚೌಕಗಳಿಂದ ಬಿಡಿಸುವ ವಿಧಾನವನ್ನು ಅವರು 1866ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಹಂತದಲ್ಲೂ ಒಂದು ಅಡ್ಡಸಾಲು, ಒಂದು ಕಂಬಸಾಲು ಕಡಿಮೆಯಾಗುತ್ತಾ ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತದೆ. ಅದನ್ನು ಇಂದಿಗೂ ಡಾಡ್ಜ್‌ಸನ್ ಕಂಡೆನ್ಸೇಷನ್ ಎನ್ನುತ್ತಾರೆ. ದೊಡ್ಡದನ್ನು ಒಂದೇ ಏಟಿಗೆ ಹೊಡೆಯಲು ಹೋಗದೆ, ಪ್ರತಿ ಸಲ ಒಂದೊಂದು ಹಂತ ಕಿರಿದಾಗಿಸುವುದು ಅವರ ರೀತಿ.

ಅದೇ ರೀತಿ 1877ರ ಕ್ರಿಸ್ಮಸ್ ಆಟದಲ್ಲೂ ಇದೆ. ಆಟಕ್ಕೆ ಅವರು ಇಟ್ಟ ಹೆಸರು ಡಬ್ಲೆಟ್ಸ್. ಅವರದೇ ಒಂದು ಉದಾಹರಣೆ ನೋಡೋಣ. ತಲೆ ಎಂಬರ್ಥದ 'ಹೆಡ್' ಪದವನ್ನು ಬಾಲ ಎಂಬರ್ಥದ 'ಟೇಲ್' ಮಾಡಬೇಕು. ಎರಡಕ್ಕೂ ನಾಲ್ಕು ಅಕ್ಷರ. 'ಹೆಡ್' ಅಂದರೆ ಎಚ್, ಇ, ಎ, ಡಿ. ಕೊನೆಯ ಡಿ ತೆಗೆದು ಎಲ್ ಹಾಕಿದರೆ 'ಹೀಲ್', ವಾಸಿಯಾಗು ಎಂದು ಅರ್ಥ. ಎಚ್ ಬದಲು ಟಿ ಹಾಕಿದರೆ 'ಟೀಲ್', ಅದೊಂದು ಜಾತಿಯ ಬಾತು. ಎ ಬದಲು ಎಲ್ ಹಾಕಿದರೆ 'ಟೆಲ್', ಇ ಬದಲು ಎ ಹಾಕಿದರೆ 'ಟಾಲ್', ಕೊನೆಗೆ ನಡುವಿನ ಎಲ್ ಜಾಗಕ್ಕೆ ಐ ಬಂದರೆ 'ಟೇಲ್'. ತಲೆಯಿಂದ ಬಾಲಕ್ಕೆ ಐದು ಹೆಜ್ಜೆ, ನಡುವೆ ನಾಲ್ಕು ಕೊಂಡಿ.

ಗೋಧಿ ಎಂಬರ್ಥದ 'ವೀಟ್' ಪದವನ್ನು 'ಬ್ರೆಡ್' ಮಾಡುವುದು ಇನ್ನೊಂದು ಲೆಕ್ಕ. ಎರಡಕ್ಕೂ ಐದು ಅಕ್ಷರ, ನಡುವೆ ಆರು ಕೊಂಡಿ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಇದರಲ್ಲಿ ಒಂದು ಮಜಾ ಕಂಡಿತು. ಆ ಕೊಂಡಿಗಳಲ್ಲಿ ಎರಡು ಪದ ಕನ್ನಡದಲ್ಲಿ ಬರೆದರೆ ಒಂದೇ, ಚೀಪ್ ಮತ್ತು ಚೀಪ್. ಒಂದು ಅಗ್ಗ ಎಂಬರ್ಥದ್ದು, ಇನ್ನೊಂದು ಮರಿಹಕ್ಕಿಯ ಚಿಲಿಪಿಲಿ. ಕಿವಿಗೆ ಒಂದೇ ಪದ, ಇಂಗ್ಲಿಷ್ ಕಾಗದದ ಮೇಲೆ ಎರಡು, ಒಂದರಲ್ಲಿ ಎ, ಇನ್ನೊಂದರಲ್ಲಿ ಇ. ಬಾಯಿಯಲ್ಲಿ ಆಡುವ ಆಟವೇ ಅಲ್ಲ ಇದು. ಕಣ್ಣು, ಕೈ, ಕಾಗದ ಸಾಕು. ಉಗ್ಗುವವರೊಬ್ಬರು ಇಂಥ ಆಟ ಮಾಡಿದ್ದು ನನಗೆ ಅರ್ಥವಾಗುತ್ತದೆ. ಇದು ನನ್ನ ಊಹೆ ಅಷ್ಟೇ, ಅವರು ಹಾಗೆಂದು ಎಲ್ಲೋ ಬರೆದಿದ್ದಾರೆ ಎಂದು ಹೇಳುತ್ತಿಲ್ಲ.

1879ರ ಮಾರ್ಚ್‌ನಿಂದ ಲಂಡನ್ನಿನ ವ್ಯಾನಿಟಿ ಫೇರ್ ಪತ್ರಿಕೆ ಈ ಆಟವನ್ನು ಸ್ಪರ್ಧೆಯಾಗಿ ಹಾಕತೊಡಗಿತು. ಅದೇ ವರ್ಷ ಪುಸ್ತಕವೂ ಬಂತು. ಯಾರೂ ಯಾವುದೋ ಮೂಲೆಯ ಪದ ತಂದು ವಾದಿಸಬಾರದು ಎಂದು ಆಟಕ್ಕೆ ಸಲ್ಲುವ ಪದಗಳ ಪಟ್ಟಿಯನ್ನೂ ಅದರಲ್ಲಿ ಕೊಟ್ಟರು. ನನ್ನ ಕೋಡಿಂಗ್ ಪ್ರಶ್ನೆಯ ಜೊತೆ ಪದಗಳ ಪಟ್ಟಿ ಇತ್ತಲ್ಲ, ಅದರ ಅಜ್ಜ ಇದು. ಮಂಗ ಎಂಬರ್ಥದ 'ಏಪ್' ಪದವನ್ನು 'ಮ್ಯಾನ್' ಮಾಡಿ ಎಂಬ ಲೆಕ್ಕವೂ ಅವರದೇ. ಮನುಷ್ಯನ ವಂಶದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ, ಓದುಗರಿಗೆ ತಮಾಷೆ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿಗೇ ನಿಲ್ಲಿಸಲಿಲ್ಲ. ಚೆಸ್ ಹಾಸಿನ ಮೇಲೆ ಅಕ್ಷರಗಳನ್ನು ನಡೆಸಿ ಪದ ಕಟ್ಟುವ ಆಟದ ಯೋಚನೆಯನ್ನು 1880ರ ಡೈರಿಯಲ್ಲಿ ಬರೆದಿಟ್ಟರು. 1882ರಲ್ಲಿ ಮಿಶ್‌ಮ್ಯಾಶ್ ಎಂಬ ಆಟ ಪ್ರಕಟಿಸಿದರು. ಒಬ್ಬರು ಕೆಲವು ಅಕ್ಷರ ಕೊಡಬೇಕು, ಇನ್ನೊಬ್ಬರು ಆ ಅಕ್ಷರಗಳು ಅದೇ ಕ್ರಮದಲ್ಲಿ ಒಟ್ಟಿಗೆ ಬರುವ ಪದ ಹುಡುಕಬೇಕು. ಜಿ, ಪಿ ಕೊಟ್ಟರೆ ಯಾವ ಪದ? 'ಮ್ಯಾಗ್‌ಪೈ', ಒಂದು ಹಕ್ಕಿ. ಇ, ಎಂ, ಓ ಕೊಟ್ಟರೆ? 'ಲೆಮನ್'. ಇಂದು ಮೊಬೈಲ್‌ನಲ್ಲಿ ಐದು ಅಕ್ಷರದ ಪದ ಊಹಿಸುವ ವರ್ಡ್‌ಲ್ ಆಡುವಾಗ ನಾವು ತಲೆ ಕೆರೆದುಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ.

ಈಗ ನನ್ನ ಪ್ರೋಗ್ರಾಂ ಏಕೆ ನಿಂತಿತು ಎನ್ನುವುದಕ್ಕೆ ಬರುತ್ತೇನೆ. ಪ್ರತಿ ಪದವನ್ನು ಒಂದು ಊರು ಅಂದುಕೊಳ್ಳಿ. ಒಂದೇ ಅಕ್ಷರದ ವ್ಯತ್ಯಾಸ ಇರುವ ಎರಡು ಪದಗಳ ನಡುವೆ ಒಂದು ರಸ್ತೆ. ಹೀಗೆ ಊರು, ರಸ್ತೆಗಳ ಜಾಲಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ. ಈ ಅರ್ಥದಲ್ಲಿ ಗ್ರಾಫ್ ಎಂಬ ಪದವನ್ನು ಸಿಲ್ವೆಸ್ಟರ್ ಎಂಬ ಗಣಿತಜ್ಞ ಮೊದಲು ಬಳಸಿದ್ದು 1878ರಲ್ಲಿ. ಕ್ಯಾರಲ್ ತಮ್ಮ ಹೊಸ ಆಟದ ವಿಷಯವನ್ನು ಡೈರಿಯಲ್ಲಿ ಬರೆದದ್ದೂ ಅದೇ ವರ್ಷ! ನನ್ನ ಪ್ರೋಗ್ರಾಂ ಒಂದೇ ರಸ್ತೆ ಹಿಡಿದು ಕೊನೆಯವರೆಗೆ ಓಡಿ, ದಾರಿ ಮುಗಿದಾಗ ವಾಪಸ್ ಬಂದು ಇನ್ನೊಂದು ರಸ್ತೆ ಹಿಡಿಯುತ್ತಿತ್ತು. ಸಾವಿರಾರು ಊರುಗಳಿದ್ದರೆ ಅದು ಮುಗಿಯುವುದು ಯಾವಾಗ? ಮಾಡಬೇಕಾದದ್ದು ಬೇರೆ. ಕೆರೆಗೆ ಕಲ್ಲು ಹಾಕಿದಾಗ ಅಲೆ ಸುತ್ತ ಹರಡುವಂತೆ, ಮೊದಲು ಒಂದು ಹೆಜ್ಜೆ ದೂರದ ಊರುಗಳನ್ನೆಲ್ಲ ನೋಡಬೇಕು, ಆಮೇಲೆ ಎರಡು ಹೆಜ್ಜೆಯವು, ಆಮೇಲೆ ಮೂರು. ನೋಡಿದ ಊರನ್ನು ಮತ್ತೆ ನೋಡಬಾರದು. ಗುರಿಯ ಊರು ಮೊದಲ ಸಲ ಸಿಕ್ಕಿದಾಗ ಅದೇ ಅತಿ ಹತ್ತಿರದ ದಾರಿ. ಬ್ರೆಡ್ತ್ ಫಸ್ಟ್ ಸರ್ಚ್ ಅಂದರೆ ಇಷ್ಟೇ.

ಕಂಪ್ಯೂಟರ್ ವಿಜ್ಞಾನದ ದೊಡ್ಡ ಹೆಸರಾದ ಡೊನಾಲ್ಡ್ ಕ್ನೂತ್ ಇಂಗ್ಲಿಷಿನ ಐದಕ್ಷರದ 5757 ಪದಗಳನ್ನು ಸೇರಿಸಿ ಇಂಥದ್ದೇ ಜಾಲ ಮಾಡಿದರು. ಅದರಲ್ಲಿ 671 ಪದಗಳಿಗೆ ಒಂದೂ ರಸ್ತೆಯಿಲ್ಲ, ಯಾವ ಅಕ್ಷರ ಬದಲಿಸಿದರೂ ಪಕ್ಕದ ಪದ ಸಿಗುವುದಿಲ್ಲ. ಯಾರ ಜೊತೆಗೂ ಸೇರದವನು ಎಂಬರ್ಥದ 'ಅಲೂಫ್' ಎಂಬ ಪದವೇ ಆ ಒಂಟಿ ಪದಗಳಲ್ಲಿ ಒಂದು. ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವ ನನಗೆ ಈ ಪದ ಓದಿ ನಗುವೂ ಬಂತು, ಸ್ವಲ್ಪ ಚುಚ್ಚಿತು ಕೂಡ.

ಕ್ಯಾರಲ್ ಒಂಟಿ ಪದವಾಗಿ ಉಳಿಯಲಿಲ್ಲ. 1861ರಿಂದ ಕಳಿಸಿದ ಮತ್ತು ಬಂದ ಪತ್ರಗಳಿಗೆಲ್ಲ ನಂಬರ್ ಹಾಕಿ ರಿಜಿಸ್ಟರ್ ಇಟ್ಟರು. ಕೊನೆಯ ನಂಬರ್ 98,721. ಬಾಯಿ ತಡೆದ ಮಾತು ಕೈಯಿಂದ ಅಷ್ಟು ಹರಿಯಿತು. ರಾತ್ರಿ ನಿದ್ದೆ ಬಾರದಾಗ ಹಾಸಿಗೆಯಲ್ಲೇ ಮನಸ್ಸಿನಲ್ಲಿ ಬಿಡಿಸಿದ 72 ಲೆಕ್ಕಗಳನ್ನು 1893ರಲ್ಲಿ ಪುಸ್ತಕ ಮಾಡಿದರು. ದೀಪ ಹಚ್ಚದೆ ಕತ್ತಲಲ್ಲೇ ಬರೆದುಕೊಳ್ಳಲು ಚೌಕಗಳನ್ನು ಕತ್ತರಿಸಿದ ಒಂದು ಕಾರ್ಡನ್ನೂ, ಅದಕ್ಕೆ ತಕ್ಕ ಅಕ್ಷರಗಳನ್ನೂ ತಯಾರಿಸಿಕೊಂಡರು.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಅವರು ಕಾಗದದ ಹಿಂದೆ ಪೂರ್ತಿ ಅಡಗಿಕೊಳ್ಳಲಿಲ್ಲ. ಉಗ್ಗು ಇದ್ದೇ ಆಗಾಗ ಚರ್ಚಿನಲ್ಲಿ ನಿಂತು ಉಪದೇಶ ಮಾಡಿದರು. ಐವತ್ತು ದಾಟಿದ ಮೇಲೆ ಆಕ್ಸ್‌ಫರ್ಡ್‌ನ ಹುಡುಗಿಯರ ಶಾಲೆಗೆ, ಮಹಿಳಾ ಕಾಲೇಜಿಗೆ ಹೋಗಿ ತರ್ಕಶಾಸ್ತ್ರ ಕಲಿಸಿದರು. ಉಗ್ಗು ಹೋದ ಮೇಲೆ ಮಾತಾಡುತ್ತೇನೆ ಎಂದು ಕಾದಿದ್ದರೆ ಅವರು ಒಂದು ಪಾಠವನ್ನೂ ಮಾಡುತ್ತಿರಲಿಲ್ಲ.

1898ರ ಜನವರಿ 14ರಂದು ಗಿಲ್ಡ್‌ಫರ್ಡ್‌ನಲ್ಲಿ ಸಹೋದರಿಯರ ಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. 66 ತುಂಬಲು ಎರಡು ವಾರ ಇತ್ತು. ಅದೇ ಊರಿನ ಗುಡ್ಡದ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಕೋಡಿಂಗ್ ರೌಂಡ್ ಮುಗಿದ ವಾರದಲ್ಲೇ ನಾನು ಆ ಪ್ರೋಗ್ರಾಂ ಮತ್ತೆ ಬರೆದೆ. ಈ ಸಲ ಹಸಿರು ಬಣ್ಣ ಬಂತು. ಕಂಪನಿ ಹೋಗಿಯಾಗಿತ್ತು, ಆದರೂ ಖುಷಿಯಾಯಿತು. ಆಮೇಲೆ ಕನ್ನಡದಲ್ಲಿ ಈ ಆಟ ಆಗುತ್ತದೆಯೇ ಎಂದು ನೋಡಿದೆ. ಕಾಡು, ಕಾರು, ಊರು. ಕಾಡಿನಿಂದ ಊರಿಗೆ ಕಾರಿನಲ್ಲೇ ಬಂದಂತಾಯಿತು! ಇನ್ನೊಂದು ಸಿಕ್ಕಿತು. ನೀರು, ಬೇರು, ಬೇವು, ಹೂವು. ನೀರಿನಿಂದ ಹೂವಿಗೆ ಮೂರು ಹೆಜ್ಜೆ. ಬೇರಿನಿಂದ ಕಾಯಿಗೆ ಹೋಗಲು ನಡುವೆ ಒಂದೇ ಪದ ಸಾಕು. ಅದನ್ನು ನಿಮಗೇ ಬಿಡುತ್ತೇನೆ.

ಮುಂದಿನ ತಿಂಗಳು ಇನ್ನೊಂದು ಕಂಪನಿ ಬರುತ್ತಿದೆ. ಕೋಡಿಂಗ್ ರೌಂಡ್ ದಾಟಿದರೆ ಎಚ್.ಆರ್. ಎದುರು ಕೂತು ಹೆಸರು ಹೇಳಬೇಕು. ಈಗ ದಿನವೂ ರಾತ್ರಿ ಊಟವಾದ ಮೇಲೆ ರೂಂಮೇಟ್ ಎಚ್.ಆರ್. ಆಗುತ್ತಾನೆ, ನಾನು ನನ್ನ ಹೆಸರು ಹೇಳುತ್ತೇನೆ. ಕೆಲವು ದಿನ ಬೇಗ ಬರುತ್ತದೆ, ಕೆಲವು ದಿನ ತಡ. ಎಷ್ಟೇ ತಡವಾದರೂ ಅವನು ಫೋನ್ ಮುಟ್ಟುವುದಿಲ್ಲ. ಮೊದಲ ಅಕ್ಷರ ದಾಟಿದರೆ ಉಳಿದವು ತಾವೇ ಬರುತ್ತವೆ.